ಕಾಲರಮ್ಮನಿಗೆ ಪೋಷಕರು ಬೇಕಾಗಿದ್ದಾರೆ

ಕಾಲರಮ್ಮನಿಗೆ ಐವತ್ತು ದಾಟಿತ್ತು. ತಲೆ ಅರ್ಧಕ್ಕರ್ಧ ನರೆತಿತ್ತು. ಮುಂದಿನ ಹಲ್ಲು ಎರಡು ಉದುರಿದ್ದವು. ಗಂಡನನ್ನು ಮಣ್ಣು ಮಾಡಿ ಬಂದಿದ್ದಳು. ಒಬ್ಬಳು ಮಗಳನ್ನು ಹೆತ್ತು, ಸಾಕಿ, ಓದಿಸಿದ್ದಳು. ಇಷ್ಟೆಲ್ಲ ಆದರೂ ಅವಳಿನ್ನೂ ದೊಡ್ಡವಳಾಗಿರಲಿಲ್ಲ. ಹಾಗಂತ ಸಂಸ್ಥೆ ಹೇಳುತ್ತಿತ್ತು. ಸಂಸ್ಥೆ ಹೇಳಿದ ಮೇಲೆ ಮುಗಿಯಿತು.

ಊರೆಂದರೆ ಸಂಸ್ಥೆ, ಸಂಸ್ಥೆಯೆಂದರೆ ಊರು. ಕಾಲೇಜು ಅದರದ್ದೇ, ಆಫೀಸು ಅದರದ್ದೇ, ಆಸ್ಪತ್ರೆ ಅದರದ್ದೇ, ಕೆಲಸದವರ ಸಾಲುಮನೆಗಳೂ ಅದರದ್ದೇ. ಹಿಂದೊಮ್ಮೆ ಅಲ್ಲಿನ ದೊಡ್ಡ ತಲೆಗಳೆಲ್ಲ ಬಾಗಿಲು ಹಾಕಿಕೊಂಡು ಕೂತು, ಮನುಷ್ಯ ಯಾವಾಗ ದೊಡ್ಡವನಾಗುತ್ತಾನೆ ಎಂದು ವಾರಗಟ್ಟಲೆ ತಲೆ ಕೆಡಿಸಿಕೊಂಡವು. ಮೀಸೆ ಬಂದಾಗ ಎಂದರೆ ಹೆಂಗಸರ ಗತಿ ಏನು? ಮದುವೆಯಾದಾಗ ಎಂದರೆ ಇಡೀ ಸಂಸ್ಥೆಯನ್ನು ಆಳುವ ಕುಲಸಚಿವರಿಗೇ ಮದುವೆಯಾಗಿರಲಿಲ್ಲ. ಕೊನೆಗೆ ತೀರ್ಮಾನ ಹೊರಬಿತ್ತು. ಪದವಿಯ ಕರಿ ಗೌನು ಮೈಮೇಲೆ ಬೀಳಬೇಕು, ಮೊದಲ ಕೆಲಸದ ಆರ್ಡರು ಕೈಗೆ ಬರಬೇಕು. ಎರಡೂ ಆದವರು ವಯಸ್ಕರು. ಉಳಿದವರು ಅಪ್ರಾಪ್ತರು, ಸಾಯುವವರೆಗೂ ಅಪ್ರಾಪ್ತರು. ಅಷ್ಟೂ ದಿನ ಒಳಗೆ ಚಹಾ ಕೊಟ್ಟು ಲೋಟ ತೊಳೆದ ಮುದುಕಿಯನ್ನು ಯಾರೂ ಒಂದು ಮಾತು ಕೇಳಲಿಲ್ಲ. ಅವತ್ತು ಮಧ್ಯಾಹ್ನ ಅವಳೂ ಮಗುವಾದಳು.

ಅಪ್ರಾಪ್ತರು ಕುರ್ಚಿಯ ಮೇಲೆ ಕೂರುವಂತಿಲ್ಲ, ಬಿದ್ದಾರು ಎಂದು. ಸಹಿ ಹಾಕುವಂತಿಲ್ಲ. ರಜೆ ಬೇಕೆಂದರೂ, ಜ್ವರಕ್ಕೆ ಮಾತ್ರೆ ಬೇಕೆಂದರೂ ಪೋಷಕರ ಸಹಿ ಬೇಕು. ಪೋಷಕರು ವಯಸ್ಕರೇ ಆಗಿರಬೇಕು. ಕಾಲರಮ್ಮನ ವಂಶದಲ್ಲೇ ಒಬ್ಬ ವಯಸ್ಕ ಹುಟ್ಟಿರಲಿಲ್ಲ. ಹಾಗಾಗಿ ಒಗೆತದ ಮನೆಯ ಸೂಪರ್‌ವೈಸರನೇ ಅವಳಿಗೆ ಪೋಷಕ. ಹೋದ ವರ್ಷ ಗೌನು ಹಾಕಿಕೊಂಡ ಹುಡುಗ. ಗಲ್ಲದ ಮೇಲೆ ಅಲ್ಲೊಂದು ಇಲ್ಲೊಂದು ಕೂದಲು ಮೂಡಿದ್ದವು. ಮಾತಾಡುವಾಗಲೆಲ್ಲ ಅವನ್ನು ನೀವಿಕೊಳ್ಳುತ್ತಿದ್ದ.

"ಸಾರ್, ಹೋಗ್ಬಿಟ್ಟು ಬರ್ಲಾ?" ಎಂದು ಕಾಲರಮ್ಮ ಕಿರುಬೆರಳು ಎತ್ತಿ ನಿಲ್ಲಬೇಕಿತ್ತು.

"ಈಗ್ತಾನೆ ಹೋಗಿದ್ಯಲ್ಲ ಮರಿ?"

"ಅದು ಬೆಳಿಗ್ಗೆ ಸಾರ್."

"ಅಭ್ಯಾಸ ಮಾಡ್ಕೋಬೇಕು. ದೊಡ್ಡೋರು ತಡ್ಕೋತಾರೆ."

ಅವಳು ತಡೆದುಕೊಳ್ಳುತ್ತಿದ್ದಳು. ಮತ್ತೆ ತೊಟ್ಟಿಗೆ ಬಗ್ಗುತ್ತಿದ್ದಳು.

ಒಗೆತದ ಮನೆ ಇದ್ದದ್ದು ದೊಡ್ಡ ಸಭಾಂಗಣದ ಕೆಳಗಿನ ನೆಲಮಾಳಿಗೆಯಲ್ಲಿ. ಕಿಟಕಿ ಇಲ್ಲ. ಮೇಲೆ ಮಕ್ಕಳು ದೊಡ್ಡವರಾಗುವಾಗ ಹಾಕಿಕೊಳ್ಳುವ ಗೌನುಗಳನ್ನು ಕೆಳಗೆ ಹೆಂಗಸರು ಒಗೆಯಬೇಕು. ಗೌನು ಯಾರ ಸ್ವಂತದ್ದೂ ಅಲ್ಲ. ಇವತ್ತು ಒಬ್ಬ ಬೆವರಿ ಬಿಚ್ಚಿಹೋದದ್ದನ್ನು ನಾಳೆ ಇನ್ನೊಬ್ಬ ಹಾಕಿಕೊಳ್ಳುತ್ತಾನೆ. ನೀರು ಕುಡಿದ ಗೌನು ಹೆಣದ ಭಾರ. ಇಬ್ಬರು ಎರಡು ತುದಿ ಹಿಡಿದು ಹಿಂಡಿದರೆ ರಟ್ಟೆ ಕಳಚಿ ಬರುತ್ತದೆ. ಕರಿ ಬಣ್ಣ ಉಗುರಿನ ಸಂದಿಗೆ ಇಳಿದರೆ ಜನ್ಮಕ್ಕೆ ಬಿಡುವುದಿಲ್ಲ. ಕಾಲರುಗಳದ್ದೇ ದೊಡ್ಡ ಗೋಳು. ಓದಿದವರ ಕುತ್ತಿಗೆಯ ಜಿಡ್ಡು, ತಲೆಗೆ ಹಚ್ಚಿದ ಎಣ್ಣೆ, ಹೆದರಿಕೆಯ ಬೆವರು ಎಲ್ಲ ಅಲ್ಲಿಯೇ ಕೂರುತ್ತದೆ. ಆ ಕಾಲರುಗಳನ್ನು ಕುಕ್ಕರುಗಾಲಲ್ಲಿ ಕೂತು ತಿಕ್ಕುವುದು ಅವಳ ಪಾಲಿಗೆ ಬಂದಿತ್ತು. ತಿಕ್ಕಿ ತಿಕ್ಕಿ ಅವಳ ಹೆಸರು ಅಳಿಸಿಹೋಗಿ ಕಾಲರಮ್ಮ ಉಳಿದಿದ್ದಳು.

ಅವಳ ಜೊತೆ ಗೌನು ಹಿಂಡುವವಳು ತುತ್ತೂರಿ. ಬಾಯಿ ತೆರೆದರೆ ನೆಲಮಾಳಿಗೆ ಅದುರುತ್ತಿತ್ತು, ಅದಕ್ಕೇ ಆ ಹೆಸರು. ಒಂದು ದಿನ ಅವಳು ಕೈಯಲ್ಲಿದ್ದ ಗೌನನ್ನು ತೊಟ್ಟಿಗೆ ಎಸೆದು ಸೂಪರ್‌ವೈಸರನ ಮುಂದೆ ನಿಂತಳು.

"ಸಾರ್, ಒಂದು ಡೌಟು. ನಾವು ಮಕ್ಕಳು ತಾನೇ?"

"ಹೌದು ಮರಿ."

"ಮಕ್ಕಳ ಕೈಲಿ ಕೆಲಸ ಮಾಡಿಸೋ ಹಾಗಿಲ್ಲ ಅಂತ ಗೇಟಿನ ಹತ್ರ ಇಷ್ಟು ದೊಡ್ಡ ಬೋರ್ಡ್ ಹಾಕಿದೀರಲ್ಲ?"

ಸೂಪರ್‌ವೈಸರ್ ಗಲ್ಲ ನೀವಿಕೊಂಡ. "ಇದು ಕೆಲಸ ಅಂತ ಯಾರು ಹೇಳಿದ್ದು? ಇದು ಕಲಿಕೆ. ನಿಮಗೆ ಕೊಡೋದು ಸಂಬಳಾನಾ? ಪ್ರೋತ್ಸಾಹಧನ. ಅದಕ್ಕೇ ಅರ್ಧ."

"ಮದುವೆ ಆದಾಗಿಂದ ಕಲೀತಿದೀನಿ ಸಾರ್. ಈಗ ಮೊಮ್ಮಗ ಶಾಲೆಗೆ ಹೋಗ್ತಾನೆ. ಯಾವಾಗ ಪಾಸು?"

"ಮನಸ್ಸಿಟ್ಟು ಕಲ್ತಿದ್ರೆ ಯಾವತ್ತೋ ಆಗ್ತಿದ್ರಿ. ಹೋಗು, ಆ ತೋಳು ಇನ್ನೊಂದ್ಸಲ ಹಿಂಡು, ನೀರು ಸೋರ್ತಿದೆ."

ಹೆಂಗಸರೆಲ್ಲ ನಕ್ಕರು. ನಗದೆ ಬೇರೆ ಏನು ಮಾಡುವುದು? ಕಾಲರಮ್ಮ ಮಾತ್ರ ನಗಲಿಲ್ಲ, ತಲೆ ತಗ್ಗಿಸಿ ಕಾಲರು ತಿಕ್ಕಿದಳು. ಅವಳಿಗೆ ಬೇರೊಂದು ಆಸೆ ಇತ್ತು. ಮಗಳು ಮೇಲಿನ ಕಾಲೇಜಿನಲ್ಲಿ ಕೊನೆಯ ಪರೀಕ್ಷೆ ಬರೆದಿದ್ದಳು. ಅವಳೊಬ್ಬಳು ದೊಡ್ಡವಳಾದರೆ ಸಾಕು, ತಾನು ಇನ್ನೂ ಎಷ್ಟು ವರ್ಷ ಬೇಕಾದರೂ ಮಗುವಾಗಿ ಇರುತ್ತೇನೆ ಎಂದುಕೊಂಡಿದ್ದಳು. ಬಾಯಿ ಮುಚ್ಚಿಕೊಂಡಿದ್ದದ್ದೂ ಅದಕ್ಕೇ.

ಮಗಳು ಒಂದು ಸಂಜೆ ಸಾಲುಮನೆಗೆ ಓಡುತ್ತಾ ಬಂದಳು.

"ಅಮ್ಮಾ, ಪಾಸು! ಕೆಲಸದ ಆರ್ಡರೂ ಬಂತು!"

ಕಾಲರಮ್ಮ ಕಾಗದ ಮುಟ್ಟಲು ಹೆದರಿದಳು. ಕೈ ಕಪ್ಪಾಗಿತ್ತು. ಬಟ್ಟೆಗೆ ಒರೆಸಿಕೊಂಡಳು, ಕಪ್ಪು ಹೋಗಲಿಲ್ಲ. ದೂರದಿಂದಲೇ ನೋಡಿದಳು. "ಯಾವ ಕೆಲಸನೇ?"

"ಅಪ್ರಾಪ್ತರ ಕಲ್ಯಾಣ ವಿಭಾಗ."

"ಹಂಗಂದ್ರೆ?"

"ನಿಮ್ಮನ್ನೆಲ್ಲ ನೋಡ್ಕೊಳ್ಳೋದು."

ಕಾಲರಮ್ಮನಿಗೆ ನಗು ಬಂತು. ನಕ್ಕು ನಕ್ಕು ಕಣ್ಣಲ್ಲಿ ನೀರು ಬಂತು. ನಗು ನಿಂತ ಮೇಲೂ ನೀರು ನಿಲ್ಲಲಿಲ್ಲ. ಮಗಳು ಪಕ್ಕದಲ್ಲಿ ಕೂತು ನೆಲದ ಸಿಮೆಂಟು ಕೆರೆಯತೊಡಗಿದಳು. ಏನೋ ಹೇಳುವುದಿದ್ದಾಗ ಅವಳು ಚಿಕ್ಕಂದಿನಿಂದ ಹಾಗೆಯೇ.

"ಅಮ್ಮಾ, ಇನ್ನೊಂದು ವಿಷಯ ಇದೆ. ಘಟಿಕೋತ್ಸವದ ದಿನ ಗೌನು ಹಾಕಿದ ತಕ್ಷಣ ನಾನು ನಿನ್ನ ಪೋಷಕಿ ಆಗ್ತೀನಂತೆ."

"ಯಾರು? ಯಾರಿಗೆ?"

"ನಾನು. ನಿನಗೆ."

"ನಿನ್ನ ಮೂಗು ಒರೆಸಿದ್ದು ನಾನು ಕಣೇ!"

"ಗೊತ್ತಮ್ಮಾ. ಅದು ಲೆಕ್ಕಕ್ಕಿಲ್ವಂತೆ."

ಕಾಲರಮ್ಮ ಅದನ್ನೂ ನುಂಗಿಕೊಂಡಳು. ಆ ಗಲ್ಲ ನೀವುವ ಹುಡುಗನಿಗಿಂತ ಹೊಟ್ಟೆಯಲ್ಲಿ ಹುಟ್ಟಿದವಳೇ ವಾಸಿ. ಆಮೇಲೆ ಬಹಳ ದಿನದಿಂದ ಕೇಳಬೇಕೆಂದಿದ್ದನ್ನು ಕೇಳಿದಳು. "ಅವತ್ತು ನಾನು ಮುಂದೆ ಕೂರಬಹುದಲ್ವಾ?"

ಸಭಾಂಗಣದಲ್ಲಿ ಮೊದಲ ಸಾಲು ಹೆತ್ತವರದ್ದು. ಬಿಳಿ ಕವಚ ತೊಡಿಸಿದ ಕುರ್ಚಿಗಳು. ಆ ಕವಚಗಳನ್ನು ಒಗೆದು ಇಸ್ತ್ರಿ ಹಾಕುತ್ತಿದ್ದವಳೂ ಅವಳೇ. ಅವು ಬೆಚ್ಚಗಿರುವಾಗ ಮಡಿಸುತ್ತಾ, ಮಗಳು ವೇದಿಕೆ ಹತ್ತುವುದನ್ನು ಇಂಥದ್ದೇ ಒಂದು ಕುರ್ಚಿಯಲ್ಲಿ ಕೂತು ನೋಡಬೇಕು ಎಂದು ಪ್ರತಿ ವರ್ಷ ಅಂದುಕೊಳ್ಳುತ್ತಿದ್ದಳು. ಅಷ್ಟೇ ಅವಳ ಆಸೆ. ಬಂಗಲೆ ಕೇಳಿರಲಿಲ್ಲ.

ಮಗಳು ತಲೆ ಎತ್ತಲಿಲ್ಲ. "ಮುಂದೆ ವಯಸ್ಕ ಹೆತ್ತೋರು ಮಾತ್ರ ಅಮ್ಮಾ. ಹಿಂದೆ ಹಗ್ಗ ಕಟ್ಟಿ ಚಾಪೆ ಹಾಸಿರ್ತಾರಲ್ಲ, ಅಲ್ಲಿ ನೀವೆಲ್ಲ. ಪೆಪ್ಪರ್‌ಮೆಂಟ್ ಕೊಡ್ತಾರಂತೆ."

"ನಿನ್ನ ಹೆತ್ತೋಳು ನಾನಲ್ವಾ?"

"ನೀನೇ. ಆದ್ರೆ ನೀನು ವಯಸ್ಕಳಲ್ವಲ್ಲ. ಒಂದಿನ ಅಡ್ಜಸ್ಟ್ ಮಾಡ್ಕೋ ಅಮ್ಮಾ, ಪ್ಲೀಸ್."

ಕಾಲರಮ್ಮನಿಗೆ ಸಿಟ್ಟು ನೆತ್ತಿಗೇರಿತು. ಸಂಸ್ಥೆ ಬೈದರೆ ಮೈಮೇಲೆ ನೀರು ಬಿದ್ದಂತೆ ಒದರಿಕೊಳ್ಳುತ್ತಿದ್ದಳು. ಇದು ಹಾಗೆ ಹೋಗಲಿಲ್ಲ. ಮೂರು ಹಗಲು ಮೂರು ರಾತ್ರಿ ನೋವು ತಿಂದು ಇವಳನ್ನು ಹೆತ್ತದ್ದು. ಆಗ ಯಾರೂ ನೀನು ವಯಸ್ಕಳೇನೇ ಎಂದು ಕೇಳಿರಲಿಲ್ಲ. ಮಗಳಿಗೆ ಒಂದು ಬಿಗಿಯಬೇಕೆನಿಸಿತು. ಬಿಗಿಯಲಿಲ್ಲ. ತಟ್ಟೆ ಹಾಕಿ ಊಟಕ್ಕಿಟ್ಟಳು. ತಾನು ಉಣ್ಣಲಿಲ್ಲ.

ಮರುದಿನ ನೆಲಮಾಳಿಗೆಯಲ್ಲಿ ಮಗಳ ಅಳತೆಗೆ ಒಂದು ಗೌನು ಆರಿಸಿದಳು. ಎಷ್ಟು ಜನರ ಮೈಯುಂಡ ಗೌನೋ ಏನೋ. ಕಂಡವರ ಬೆವರು ತನ್ನ ಮಗಳ ಕುತ್ತಿಗೆಗೆ ತಾಕಬಾರದು ಎಂದು ಅವಳಿಗೆ ಹಟ ಹಿಡಿಯಿತು. ಸೋಪು ಹಾಕಿ ಒಗೆದಳು. ಮೂಸಿದಳು. ಇನ್ನೂ ಯಾವನದೋ ವಾಸನೆ. ಸೋಡಾ ಹಾಕಿ ಕುದಿಸಿದಳು. ಮತ್ತೆ ಮೂಸಿದಳು, ಮತ್ತೆ ತಿಕ್ಕಿದಳು. ಸಿಟ್ಟೆಲ್ಲ ಆ ಗೌನಿನ ಮೇಲೆ ತೀರಿತು. ಕರಿ ಗೌನನ್ನು ನೆರಳಲ್ಲಿ ಒಣಗಿಸಬೇಕು ಎನ್ನುವುದು ಅವಳಿಗೆ ಗೊತ್ತಿಲ್ಲದ್ದಲ್ಲ. ಮಗಳಿಗೆ ತಂಡಿ ಆಗಬಾರದೆಂದು ತಾರಸಿಗೆ ಹೊತ್ತು ಉರಿಬಿಸಿಲಿಗೆ ಹರವಿದಳು. ಸಂಜೆ ತೆಗೆಯುವಾಗ ಗೌನು ಬೂದಿ ಬಣ್ಣಕ್ಕೆ ತಿರುಗಿತ್ತು.

ತುತ್ತೂರಿ ಬಾಯಿ ಮೇಲೆ ಕೈಯಿಟ್ಟುಕೊಂಡಳು. "ಏನೇ ಇದು? ಒಲೆಯಿಂದ ಬಾಚಿ ತಂದಂಗಿದೆ!"

ಬೇರೆ ಗೌನು ಉಳಿದಿರಲಿಲ್ಲ. "ಅಷ್ಟೊಂದು ಜನರ ನಡುವೆ ಯಾರು ನೋಡ್ತಾರೆ ಬಿಡು" ಎಂದು ಕಾಲರಮ್ಮ ಅದನ್ನೇ ಇಸ್ತ್ರಿ ಮಾಡಿ, ಮಗಳ ಹೆಸರಿನ ಚೀಟಿ ಸಿಕ್ಕಿಸಿ ಮೇಲಕ್ಕೆ ಕಳಿಸಿದಳು.

ಘಟಿಕೋತ್ಸವದ ದಿನ ಬೆಳಿಗ್ಗೆ ಸೂಪರ್‌ವೈಸರ್ ಅವಳನ್ನು ಕರೆದು, "ನಿಂಗೂ ನಿನ್ನ ಮಗಳಿಗೂ ನನ್ನ ಪೋಷಕತನ ಇವತ್ತಿಗೆ ಮುಗೀತು ಮರಿ. ಇನ್ಮೇಲೆ ನಿಂಗೆ ಅವಳೇ. ಹಟ ಮಾಡ್ದೆ ಜಾಣೆ ಥರ ಇರು" ಎಂದ. ಮಗಳ ಪೋಷಕತನ ಗೌನು ಬಿದ್ದ ಮೇಲೆ ಶುರು. ಅಲ್ಲಿಯವರೆಗೆ ಕಾಲರಮ್ಮನಿಗೆ ಹೇಳುವವರು ಕೇಳುವವರು ಯಾರೂ ಇಲ್ಲ. ಇದು ಸೂಪರ್‌ವೈಸರನ ತಲೆಗೆ ಹೊಳೆಯಲಿಲ್ಲ. ಅವಳಿಗೂ ಹೊಳೆದಿರಲಿಲ್ಲ.

ಅವಳು ಮುಖ ತೊಳೆದು, ಇದ್ದುದರಲ್ಲಿ ಒಳ್ಳೆಯ ಬಟ್ಟೆ ಉಟ್ಟು ಸಭಾಂಗಣಕ್ಕೆ ಹೋದಳು. ಹಿಂದೆ ಹಗ್ಗ ಕಟ್ಟಿತ್ತು. ಹಗ್ಗದಾಚೆ ಚಾಪೆಯ ಮೇಲೆ ತುತ್ತೂರಿ, ಒಗೆತದ ಹೆಂಗಸರು, ಕಸ ಗುಡಿಸುವವರು, ಕುರ್ಚಿ ಮೇಜು ಹೊರುವ ಗಂಡಸರು, ಎಲ್ಲ ಚಕ್ಕಳಮಕ್ಕಳ ಹಾಕಿ ಕೂತಿದ್ದರು. ಬೆನ್ನು ಬಾಗಿದ ಮುದುಕರ ಕೈಗೆ ಪೆಪ್ಪರ್‌ಮೆಂಟ್ ಹಂಚುತ್ತಿದ್ದರು. ಒಬ್ಬ ಮುದುಕ ಬಾಯಿಗೆ ಹಾಕಿಕೊಂಡು, ಹಲ್ಲಿಲ್ಲದೆ, ಅದನ್ನು ಆ ದವಡೆಯಿಂದ ಈ ದವಡೆಗೆ ಹೊರಳಿಸುತ್ತಿದ್ದ. ಅವನನ್ನು ನೋಡಿ ಕಾಲರಮ್ಮನ ಕಾಲು ಹಗ್ಗದ ಹತ್ತಿರ ನಿಲ್ಲಲಿಲ್ಲ. ನಡುವಿನ ದಾರಿಯಲ್ಲಿ ನೇರ ಮುಂದಕ್ಕೆ ಹೋಗಿ ಮೊದಲ ಸಾಲಿನ ಖಾಲಿ ಕುರ್ಚಿಯಲ್ಲಿ ಕೂತಳು.

ಸೂಪರ್‌ವೈಸರ್ ಬಿದ್ದಂಬೀಳ ಓಡಿಬಂದ. "ಏ ಮರಿ, ಏಳು! ಬೀಳ್ತೀಯ!"

"ಬೀಳಲ್ಲ."

"ಏಳು ಅಂದ್ರೆ ಏಳ್ಬೇಕು."

"ಏಳಲ್ಲ."

ಇಷ್ಟು ವರ್ಷದಲ್ಲಿ ಅವಳು ಹೇಳಿದ ಮೊದಲ ಒಲ್ಲೆ ಅದು. ಹೇಳಿದ ಮೇಲೆ ಕುರ್ಚಿಯ ತೋಳನ್ನು ಗಟ್ಟಿಯಾಗಿ ಹಿಡಿದುಕೊಂಡಳು. ಪಕ್ಕದಲ್ಲಿ ಕೂತಿದ್ದ ವಯಸ್ಕ ತಾಯಿಯೊಬ್ಬಳು ಮೂಗು ಮುರಿದು ಎದ್ದು ಬೇರೆ ಕುರ್ಚಿಗೆ ಹೋದಳು.

ಸೂಪರ್‌ವೈಸರ್ ಅವಳ ರಟ್ಟೆಗೆ ಕೈ ಹಾಕಲು ಹೋಗಿ ತಡೆದ. ಪೋಷಕರ ಒಪ್ಪಿಗೆ ಇಲ್ಲದೆ ಅಪ್ರಾಪ್ತರನ್ನು ಮುಟ್ಟುವಂತಿಲ್ಲ. ಸಂಸ್ಥೆ ದಯೆಯಿಂದ ಮಾಡಿದ ಒಂದೇ ಒಂದು ನಿಯಮ ಅದು. ಅವನು ನೇರ ವೇದಿಕೆ ಹತ್ತಿ ಕುಲಸಚಿವರ ಕಿವಿಯಲ್ಲಿ ಉಸುರಿದ. ಅವರ ಮುಂದೆ ಮೈಕು ಇತ್ತು. ಉಸುರಿದ್ದೆಲ್ಲ ಊರಿಗೇ ಕೇಳಿಸಿತು.

"ಅದರ ಪೋಷಕರು ಯಾರು?" ಎಂದರು ಕುಲಸಚಿವರು.

"ಇವತ್ತು ದೊಡ್ಡವಳಾಗ್ತಿರೋ ಹುಡುಗಿ ಸಾರ್. ಸಾಲಲ್ಲಿ ನಿಂತಿದಾಳೆ."

"ಮತ್ತೇನು ನೋಡ್ತೀರಿ? ಬೇಗ ದೊಡ್ಡವಳು ಮಾಡಿ."

ಸಾಲಿನ ಕೊನೆಯಲ್ಲಿದ್ದ ಮಗಳನ್ನು ಎಲ್ಲರಿಗಿಂತ ಮೊದಲು ಮುಂದಕ್ಕೆ ತಂದರು. ಅವಳ ಹೆಸರಿನ ಗೌನು ಬಂತು. ಕುಲಸಚಿವರು ಕನ್ನಡಕ ಏರಿಸಿ ನೋಡಿದರು. "ಇದೇನ್ರೀ ಬಣ್ಣ? ಈ ಬಣ್ಣದಲ್ಲಿ ದೊಡ್ಡವಳಾಗೋಕೆ ಬರಲ್ಲ."

ಉಳಿದ ಗೌನುಗಳಿಗೆಲ್ಲ ಬೇರೆಯವರ ಹೆಸರಿನ ಚೀಟಿ ಇತ್ತು. ಕೊನೆಗೆ ಕೆಳಗೆ ಕೂತಿದ್ದ, ಹಿಂದಿನ ದಿನವೇ ದೊಡ್ಡವನಾಗಿ ಗೌನು ಇನ್ನೂ ವಾಪಸು ಕೊಡದಿದ್ದ ಹುಡುಗನೊಬ್ಬನ ಮೈಮೇಲಿಂದ ಗೌನು ಬಿಚ್ಚಿಸಿದರು. "ಬಿಚ್ಚಿದ್ರೆ ನಾನು ಮತ್ತೆ ಚಿಕ್ಕೋನಾಗ್ತೀನಾ ಸಾರ್?" ಎಂದು ಅವನು ಅಳುವುದಕ್ಕೇ ಶುರುಮಾಡಿದ. "ಐದು ನಿಮಿಷ ಅಷ್ಟೇ, ಸುಮ್ನಿರು" ಎಂದು ಅವನ ಅಪ್ಪ ಗದರಿದ.

ಕುಲಸಚಿವರು ಆ ಕರಿ ಗೌನನ್ನು ಎರಡೂ ಕೈಯಲ್ಲಿ ಹರವಿ ಹಿಡಿದರು. "ಬಾ ಮಗೂ, ಹಾಕ್ಕೋ. ಹಾಕ್ಕೊಂಡು ಇಲ್ಲೊಂದು ಸಹಿ ಮಾಡು. ಆ ಮಗೂನ ಎತ್ತಿ ಹೊರಗೆ ಹಾಕಿಸ್ಬೇಕು."

"ಯಾವ ಮಗು ಸಾರ್?"

"ಅದೇ, ಕುರ್ಚಿ ಮೇಲೆ ಕೂತಿದೆಯಲ್ಲ."

"ಅದು ನಮ್ಮಮ್ಮ."

"ಹೂಂ, ಅದೇ. ದೊಡ್ಡವಳಾದ ಮೇಲೆ ನಿನ್ನ ಮೊದಲನೇ ಸಹಿ. ಎಲ್ಲರಿಗೂ ಇಂಥ ಅವಕಾಶ ಸಿಗಲ್ಲ."

ಮಗಳು ಗೌನು ನೋಡಿದಳು. ಕೆಳಗೆ ಕುರ್ಚಿ ನೋಡಿದಳು. ಅವಳ ಮುಖ ಬಿಳಿಚಿಕೊಂಡದ್ದು ಕಾಲರಮ್ಮನಿಗೆ ಅಲ್ಲಿಂದಲೇ ಕಂಡಿತು. ಆ ಕ್ಷಣ ಅವಳ ಸಿಟ್ಟೆಲ್ಲ ಇಳಿದುಹೋಯಿತು. ಇದಕ್ಕೋಸ್ಕರವೇ ಅಲ್ಲವೇ ಬೆನ್ನು ಮುರಿದುಕೊಂಡದ್ದು? ಕುರ್ಚಿ ಹಾಳಾಗಿ ಹೋಗಲಿ. ಮಗಳ ಬಾಳು ಇಲ್ಲಿಯವರೆಗೆ ಬಂದು ತಪ್ಪಬಾರದು.

"ಹಾಕ್ಕೊಳ್ಳೇ!" ಎಂದು ಕೂಗಿದಳು. "ಹಾಕ್ಕೊಂಡ್ಬಿಡು! ನಾನೇ ಎದ್ದು ಹೋಗ್ತೀನಿ, ಆಯ್ತಾ?"

ಅರ್ಧ ಎದ್ದಿದ್ದಳು. ಮೊಣಕಾಲು ಇನ್ನೂ ನೆಟ್ಟಗಾಗಿರಲಿಲ್ಲ.

"ಅಮ್ಮಾ, ಏಳ್ಬೇಡ."

ಮೈಕಿನಲ್ಲಿ ಆ ಮಾತು ಗೋಡೆಗೋಡೆಗೂ ಬಡಿಯಿತು. ಕಾಲರಮ್ಮ ದೊಪ್ಪನೆ ಕೂತಳು.

"ನಾನು ಹಾಕ್ಕೊಳ್ಳಲ್ಲ ಸಾರ್" ಎಂದಳು ಮಗಳು.

"ಹಾಕ್ಕೊಳ್ಳದಿದ್ರೆ ನೀನು ದೊಡ್ಡವಳಾಗಲ್ಲ."

"ಹೀಗೆ ದೊಡ್ಡವಳಾಗೋದು ನಂಗೆ ಬೇಡ."

"ಆರ್ಡರು ರದ್ದಾಗುತ್ತೆ."

"ಆಗ್ಲಿ."

ಅವಳು ಮೆಟ್ಟಿಲಿಳಿದು ಬಂದು, ಆ ವಯಸ್ಕ ತಾಯಿ ಬಿಟ್ಟುಹೋಗಿದ್ದ ಕುರ್ಚಿಯಲ್ಲಿ, ಅಮ್ಮನ ಪಕ್ಕ ಕೂತಳು. ಸಭೆ ಗುಸುಗುಸು ಎಂದಿತು. ಕುಲಸಚಿವರ ಕೈಯಲ್ಲಿ ಗೌನು ಹರವಿಕೊಂಡೇ ಇತ್ತು. ಅದರೊಳಗೆ ಯಾರೂ ಇರಲಿಲ್ಲ.

"ಈಗ ಇವರಿಬ್ಬರ ಜವಾಬ್ದಾರಿ ಯಾರದ್ದು?" ಎಂದು ಅವರು ಅರಚಿದರು.

ಯಾರದ್ದೂ ಅಲ್ಲ. ಇಬ್ಬರೂ ಅಪ್ರಾಪ್ತರು, ಇಬ್ಬರಿಗೂ ಪೋಷಕರಿಲ್ಲ, ಇಬ್ಬರನ್ನೂ ಮುಟ್ಟುವಂತಿಲ್ಲ. ಸೂಪರ್‌ವೈಸರ್ ಗಲ್ಲ ನೀವಿ ನೀವಿ ಕೆಂಪು ಮಾಡಿಕೊಂಡ. ಕಾಲರಮ್ಮ ಕೂತಲ್ಲಿಂದಲೇ ಗಟ್ಟಿಯಾಗಿ ಹೇಳಿದಳು: "ನಂದು. ಅವಳ ಜವಾಬ್ದಾರಿನೂ ನಂದೇ, ನನ್ನದೂ ನಂದೇ."

"ನಿನ್ನ ಮಾತು ನಡೆಯಲ್ಲ. ನೀನು ಮಗು!"

"ಹಂಗಾದ್ರೆ ಮಕ್ಕಳು ಹಟ ಹಿಡಿದಿವೆ ಅಂತ ಬರ್ಕೊಳ್ಳಿ."

ಹಗ್ಗದ ಆಚೆ ಯಾರೋ ಕಿಸಕ್ಕೆಂದರು. ಕುಲಸಚಿವರ ಮುಖ ಕಪ್ಪಿಟ್ಟಿತು. ಮನುಷ್ಯರನ್ನು ಮುಟ್ಟಬಾರದು, ಕುರ್ಚಿ ಮುಟ್ಟಬಾರದೆಂದು ಎಲ್ಲಿಯೂ ಇಲ್ಲ ಎಂದು ಅವರಿಗೆ ಹೊಳೆಯಿತು. "ಕುರ್ಚಿ ಸಮೇತ ಎತ್ತಿ ಇವರನ್ನ! ಎಲ್ಲಿ ಕುರ್ಚಿ ಎತ್ತೋರು?"

ಕುರ್ಚಿ ಎತ್ತುವವರು ಹಗ್ಗದ ಹಿಂದೆ ಚಾಪೆಯ ಮೇಲೆ ಕೂತಿದ್ದರು. ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಯಾರೂ ಏಳಲಿಲ್ಲ.

"ಕೇಳಿಸ್ಲಿಲ್ವಾ?"

"ಕೇಳಿಸ್ತು ಸಾರ್" ಎಂದಳು ತುತ್ತೂರಿ, ಮೈಕಿನ ಹಂಗಿಲ್ಲದೆ. "ಇವತ್ತು ನಾವು ಮಕ್ಕಳು. ಪೆಪ್ಪರ್‌ಮೆಂಟ್ ತಿಂತಿದೀವಿ."

ಸಭಾಂಗಣದ ತುಂಬ ವಯಸ್ಕರಿದ್ದರು. ಗೌನು ಹಾಕಿದವರು, ಆರ್ಡರು ಪಡೆದವರು, ಸಹಿ ಬರುವವರು. ಎರಡು ಕುರ್ಚಿ ಎತ್ತಲು ಅವರಲ್ಲಿ ಒಬ್ಬರೂ ಬಗ್ಗಲಿಲ್ಲ. ಸೂಪರ್‌ವೈಸರ್ ಹೊರಗಿನ ಕಾವಲುಗಾರರನ್ನು ಕರೆಯಲು ಓಡಿದ. ಅವರೂ ಅಪ್ರಾಪ್ತರು ಎನ್ನುವುದು ಬಾಗಿಲವರೆಗೆ ಹೋದ ಮೇಲೆ ನೆನಪಾಗಿ ಅಲ್ಲಿಯೇ ನಿಂತ.

ಮಗಳು ತಲೆ ತಗ್ಗಿಸಿ ಕೂತಿದ್ದಳು. ಭುಜ ಕುಸಿದಿತ್ತು. "ಅಮ್ಮಾ, ಕೆಲಸ ಹೋಯ್ತು" ಎಂದಳು ಮೆಲ್ಲಗೆ.

ಕಾಲರಮ್ಮ ಲೆಕ್ಕ ಹಾಕಿದಳು. ಹೋಯಿತು. ನಾಳೆ ತನ್ನದೂ ಹೋಗುತ್ತದೆ, ಸಾಲುಮನೆಯೂ ಹೋಗುತ್ತದೆ. ಅಳು ಬಂತು, ಅಳಲಿಲ್ಲ. ಅಪ್ಪಿಕೊಳ್ಳಬೇಕೆನಿಸಿತು, ಅದನ್ನೂ ಮಾಡಲಿಲ್ಲ.

"ಗೊತ್ತು. ಮನೆಗೆ ನಡಿ, ನಿನಗೆ ಮಾಡ್ತೀನಿ. ಕೈಗೆ ಬಂದಿದ್ದನ್ನ ಬಿಟ್ಟು ಬಂದೋಳು ನೀನು. ಇಲ್ಲಿ ಜನ ಇದಾರೆ, ಬೈಯಲ್ಲ."

"ಸರಿ ಅಮ್ಮಾ."

"ಹಿಂಗ್ಯಾಕೆ ಮುದುಡ್ಕೊಂಡಿದೀಯ? ಬೆನ್ನು ನೆಟ್ಟಗೆ ಮಾಡಿ ಕೂತ್ಕೋ."

ಮಗಳು ಬೆನ್ನು ನೆಟ್ಟಗೆ ಮಾಡಿ ಕೂತಳು.